ಐದು ಸೆಕೆಂಡಿನ ಕೆಲಸ: ಒತ್ತಡದಲ್ಲೂ ಫ್ರೀ ಥ್ರೋ ತಪ್ಪದಂತೆ ರೂಟೀನ್ ಕಟ್ಟಿಕೊಳ್ಳುವುದು ಹೇಗೆ

ಬಾಸ್ಕೆಟ್‌ಬಾಲ್‌ನಲ್ಲಿ ಫ್ರೀ ಥ್ರೋ, ಅಂದರೆ ಎದುರಾಳಿಯ ಫೌಲ್‌ಗೆ ಪ್ರತಿಯಾಗಿ ಸಿಗುವ ಎಸೆತದಷ್ಟು ಸಲೀಸಾದ ಶಾಟ್ ಇನ್ನೊಂದಿಲ್ಲ. ಅಡ್ಡ ನಿಲ್ಲುವವರಿಲ್ಲ, ಓಡಿಬಂದು ಎಸೆಯಬೇಕಿಲ್ಲ. ಲೈನಿನಿಂದ ಬೋರ್ಡಿಗೆ 4.6 ಮೀಟರ್, ರಿಂಗ್ ಇರುವುದು 3.05 ಮೀಟರ್ ಎತ್ತರದಲ್ಲಿ, ಯಾವ ಊರಿನ ಕೋರ್ಟಿಗೆ ಹೋದರೂ ಅಳತೆ ಅದೇ. ರಿಂಗಿನ ಒಳಗಲ 45 ಸೆಂಟಿಮೀಟರ್, ಬಾಲ್ ಸುಮಾರು 24. ಜಾಗ ಬೇಕಾದಷ್ಟಿದೆ. ಆದರೂ ಸಂಜೆ ಪ್ರಾಕ್ಟೀಸಿನಲ್ಲಿ ಹತ್ತಕ್ಕೆ ಎಂಟು ಹಾಕುವ ಹುಡುಗ, ಮ್ಯಾಚಿನ ಕೊನೇ ನಿಮಿಷದಲ್ಲಿ ಒಂದು ಪಾಯಿಂಟ್ ಹಿಂದಿರುವಾಗ ಲೈನಿಗೆ ಹೋಗಿ ಎರಡನ್ನೂ ರಿಂಗಿನ ಮುಂದಿನ ಅಂಚಿಗೆ ಹೊಡೆದು ಬರುತ್ತಾನೆ.

"ಧೈರ್ಯ ಸಾಲದು" ಎಂದು ಬೆಂಚಿನಲ್ಲಿ ಕೂತವರು ತೀರ್ಪು ಕೊಡುತ್ತಾರೆ. ಧೈರ್ಯದ ಮಾತು ಬಿಡಿ. ರೆಫ್ರಿ ವಿಸಲ್ ಊದಿದ ಹೊತ್ತಿನಿಂದ ಬಾಲ್ ಕೈಬಿಡುವ ತನಕ ಆ ಹುಡುಗನ ತಲೆಗೆ ಮಾಡಲು ಏನೂ ಕೆಲಸವಿರಲಿಲ್ಲ, ಅದು ತಾನೇ ಕೆಲಸ ಹುಡುಕಿಕೊಂಡಿತು. ಆ ಖಾಲಿ ಹೊತ್ತಿಗೆ ಮೊದಲೇ ಗೊತ್ತುಮಾಡಿದ, ದಿನವೂ ಒಂದೇ ಕ್ರಮದಲ್ಲಿ ಮಾಡುವ ಸಣ್ಣ ಕೆಲಸಗಳ ಸಾಲನ್ನೇ ಆಟಗಾರರು ರೂಟೀನ್ ಅನ್ನುತ್ತಾರೆ. ಅದನ್ನು ಕಟ್ಟುವುದು, ಗಟ್ಟಿ ಮಾಡುವುದು, ಮುರಿದಾಗ ಕೂಡಿಸಿಕೊಳ್ಳುವುದು ಹೇಗೆಂದು ಇಲ್ಲಿ ಹೇಳುತ್ತೇನೆ. ಉದಾಹರಣೆಗೆ ಫ್ರೀ ಥ್ರೋ ಇಟ್ಟುಕೊಂಡಿದ್ದೇನೆ. ನಿಂತ ಜಾಗದಿಂದ, ನಮ್ಮದೇ ಸಮಯಕ್ಕೆ ಶುರುಮಾಡುವ ಯಾವ ಕೌಶಲಕ್ಕೂ ಇದನ್ನು ಹೊಂದಿಸಿಕೊಳ್ಳಬಹುದು.

ಒತ್ತಡದಲ್ಲಿ ಕೈ ಯಾಕೆ ಕೆಡುತ್ತದೆ

ಎರಡು ದಾರಿಗಳಿವೆ. ಒಂದು, ಗಮನ ಹೊರಗೆ ಹೋಗುವುದು: ಸ್ಕೋರ್ ಬೋರ್ಡ್, ಗಲಾಟೆ, ಸೆಲೆಕ್ಟರ್ ಕೂತ ಕುರ್ಚಿ, ನಾಳೆ ಜನ ಏನಂದಾರು ಎಂಬ ಯೋಚನೆ. ಎರಡನೆಯದು ಹೆಚ್ಚು ಮೋಸದ್ದು: ಗಮನ ಒಳಗೆ ತಿರುಗಿ ಸ್ವಂತ ಮೈಯನ್ನೇ ಕಾವಲು ಕಾಯಲು ಶುರುಮಾಡುವುದು. ದಿನಾ ಬೆಳಿಗ್ಗೆ ಸಲೀಸಾಗಿ ರಂಗೋಲಿ ಎಳೆಯುವ ಕೈ, ಯಾರೋ ಪಕ್ಕದಲ್ಲಿ ನಿಂತು ನೋಡುತ್ತಿದ್ದಾರೆಂದು ಒಂದೊಂದು ಚುಕ್ಕಿಯನ್ನೂ ಯೋಚಿಸಿ ಇಡಲು ಹೋದರೆ ಎಳೆ ಸೊಟ್ಟಗಾಗುತ್ತದಲ್ಲ, ಹಾಗೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಯ್ ಬಾಮೈಸ್ಟರ್ 1984ರಲ್ಲೇ ಇದನ್ನು ತೋರಿಸಿದರು. 2001ರಲ್ಲಿ ಸಿಯಾನ್ ಬೈಲಾಕ್ ಮತ್ತು ಥಾಮಸ್ ಕಾರ್ ಗಾಲ್ಫ್ ಪಟಿಂಗ್ (ಚೆಂಡನ್ನು ಮೆಲ್ಲಗೆ ತಳ್ಳಿ ಕುಳಿಗೆ ಹಾಕುವುದು) ಇಟ್ಟುಕೊಂಡು ಇದೇ ಮಾತನ್ನು ಇನ್ನಷ್ಟು ಬಲಪಡಿಸಿದರು.

ನಮ್ಮ ಕೋರ್ಟಿನಲ್ಲಿ ಇದು ಹೀಗೆ ಕೇಳಿಸುತ್ತದೆ.

"ಏನ್ ಯೋಚನೆ ಮಾಡ್ತಿದ್ದೆ ಲೈನಲ್ಲಿ?"

"ಮೊಣಕೈ ಒಳಗಿರ್ಬೇಕು ಅಂತ, ಸರ್."

"ಪ್ರಾಕ್ಟೀಸಲ್ಲಿ?"

"ಪ್ರಾಕ್ಟೀಸಲ್ಲಿ ಏನೂ ಯೋಚನೆ ಮಾಡಲ್ಲ ಸರ್."

ಉತ್ತರ ಅವನ ಬಾಯಲ್ಲೇ ಬಂತು. ರೂಟೀನ್ ಮಾಡಬೇಕಾದದ್ದು ಎರಡೂ ಬಾಗಿಲು ಮುಚ್ಚುವ ಕೆಲಸ. ಗಮನ ಸ್ಕೋರಿನ ಕಡೆ ಹೋಗಬಾರದು, ಮೊಣಕೈ ಕಡೆಗೂ ಹೋಗಬಾರದು.

ಹಂತ 1: ಮೊದಲು ಲೆಕ್ಕ ಬರೆಯಿರಿ

ಒಂದು ನೋಟ್‌ಬುಕ್ಕಿನಲ್ಲಿ ಪ್ರಾಕ್ಟೀಸಿನ ಫ್ರೀ ಥ್ರೋ ಒಂದು ಕಡೆ, ಮ್ಯಾಚಿನದು ಇನ್ನೊಂದು ಕಡೆ ಬರೆಯುತ್ತ ಬನ್ನಿ. ಪ್ರಾಕ್ಟೀಸಿನ ಲೆಕ್ಕವನ್ನು ಪ್ರಾಮಾಣಿಕವಾಗಿ ಬರೆಯಬೇಕು. ನಿಂತಲ್ಲೇ ಐವತ್ತು ಹೊಡೆದು ಕೈ ಕುದುರಿದ ಮೇಲಿನ ಮೂವತ್ತನ್ನು ಎಣಿಸಿದರೆ ಅದು ಲೆಕ್ಕವಲ್ಲ. ಆಟದ ಮಧ್ಯೆ ಏದುಸಿರಿನಲ್ಲಿ ಬಂದು ಹೊಡೆದ ಎರಡೆರಡನ್ನು ಮಾತ್ರ ಎಣಿಸಿ.

ಎರಡೂ ಕಡೆ ಕಡಿಮೆ ಇದ್ದರೆ ನಿಮಗೆ ಬೇಕಾಗಿರುವುದು ರೂಟೀನಲ್ಲ, ಶಾಟ್. ಹಿಡಿತ, ಮೊಣಕಾಲಿನ ಬಲ, ಬಾಲಿನ ಆರ್ಕ್ (ಅದು ಹಾರುವ ಕಮಾನು), ಮೊದಲು ಅವನ್ನು ಸರಿಮಾಡಿಕೊಳ್ಳಿ. ಪ್ರಾಕ್ಟೀಸಿನಲ್ಲಿ ಚೆನ್ನಾಗಿದ್ದು ಮ್ಯಾಚಿನಲ್ಲಿ ಬೀಳುತ್ತಿದ್ದರೆ ಮುಂದೆ ಓದಿ. ಈ ಭೇದ ಮಾಡದೆ ಎಲ್ಲರಿಗೂ "ಮನಸ್ಸು ಗಟ್ಟಿ ಮಾಡ್ಕೋ" ಅನ್ನುವ ಕೋಚ್‌ಗಳೇ ನಮ್ಮಲ್ಲಿ ಹೆಚ್ಚು.

ಹಂತ 2: ಈಗಾಗಲೇ ಏನು ಮಾಡುತ್ತಿದ್ದೀರಿ, ಫೋನಿನಲ್ಲಿ ನೋಡಿ

ಎಲ್ಲರಿಗೂ ಅರೆಬರೆ ರೂಟೀನ್ ಒಂದು ಇದ್ದೇ ಇರುತ್ತದೆ. ಗೆಳೆಯನ ಕೈಗೆ ಫೋನ್ ಕೊಟ್ಟು ಕೆಲವು ಮ್ಯಾಚುಗಳ ಫ್ರೀ ಥ್ರೋಗಳನ್ನು ರೆಕಾರ್ಡ್ ಮಾಡಿಸಿ. ನೋಡುವಾಗ ಮೂರೇ ವಿಷಯ ಗಮನಿಸಿ: ಬಾಲ್ ಕೈಗೆ ಬಂದ ಮೇಲೆ ಎಷ್ಟು ಡ್ರಿಬಲ್ (ನೆಲಕ್ಕೆ ಎಷ್ಟು ಸಲ ಪುಟಿಸಿದಿರಿ), ಕಣ್ಣು ಯಾವಾಗ ರಿಂಗಿಗೆ ಹೋಯಿತು, ಬಿದ್ದದ್ದಕ್ಕೂ ತಪ್ಪಿದ್ದಕ್ಕೂ ಕ್ರಮದಲ್ಲಿ ವ್ಯತ್ಯಾಸ ಇತ್ತೇ. ಸಾಮಾನ್ಯವಾಗಿ ಕಾಣುವುದು ಇದು: ಗೆಲ್ಲುತ್ತಿರುವಾಗ ಮೂರು ಡ್ರಿಬಲ್, ಉಸಿರು, ಶಾಟ್, ಸೋಲುತ್ತಿರುವಾಗ ಒಂದೇ ಡ್ರಿಬಲ್, ಉಸಿರಿಲ್ಲ, ಬೇಗ ಮುಗಿಸಿಬಿಡುವ ಅವಸರ.

ಈ ಅವಸರ ದೊಡ್ಡವರಲ್ಲೂ ಇದೆ. ನಾರ್ವೆಯ ಗೇಯಿರ್ ಯೋರ್ಡೆಟ್ ದೊಡ್ಡ ಫುಟ್‌ಬಾಲ್ ಟೂರ್ನಿಗಳ ಪೆನಾಲ್ಟಿ ಶೂಟೌಟ್‌ಗಳನ್ನು ಅಧ್ಯಯನ ಮಾಡಿದಾಗ, ರೆಫ್ರಿಯ ವಿಸಲ್ ಆದ ಕೂಡಲೇ ಓಡಿ ಹೊಡೆದವರು ಸ್ವಲ್ಪ ತಡೆದು ಹೊಡೆದವರಿಗಿಂತ ಹೆಚ್ಚು ತಪ್ಪಿದ್ದು ಕಂಡುಬಂತು. ಸಂಕಟದ ಜಾಗದಿಂದ ಬೇಗ ಪಾರಾಗೋಣ ಎಂಬ ತವಕವೇ ಕಾಲಿಗೆ ಅಡ್ಡ ಬರುತ್ತದೆ.

ಕ್ರಮದ ವಿಷಯದಲ್ಲಿ ಇನ್ನೊಂದು ಉಪಯುಕ್ತ ಅಧ್ಯಯನವಿದೆ. ಲಾನ್ಸ್‌ಡೇಲ್ ಮತ್ತು ಟ್ಯಾಮ್ 2008ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಆಟಗಾರರ ಫ್ರೀ ಥ್ರೋ ದೃಶ್ಯಗಳನ್ನು ನೋಡಿ ಲೆಕ್ಕ ಹಾಕಿದರು. ತನ್ನ ಮಾಮೂಲಿ ಕ್ರಮವನ್ನು ಬಿಡದೆ ಪಾಲಿಸಿದಾಗ ಆಟಗಾರ ಹೆಚ್ಚು ಹಾಕುತ್ತಿದ್ದ. ಪ್ರತಿಸಲವೂ ಅಷ್ಟೇ ಸೆಕೆಂಡು ತೆಗೆದುಕೊಂಡನೇ ಎಂಬುದು ಅಷ್ಟು ಮುಖ್ಯವಾಗಿ ಕಾಣಲಿಲ್ಲ. ಆದ್ದರಿಂದ ಗಡಿಯಾರ ನೋಡಿಕೊಂಡು ರೂಟೀನ್ ಕಲಿಸಬೇಡಿ, ಕ್ರಮ ಕಲಿಸಿ.

ಹಂತ 3: ರೂಟೀನನ್ನು ಎರಡು ತುಂಡು ಮಾಡಿ

ಇದೇ ಇಡೀ ಕೆಲಸದ ಬುಡ. ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ನಿಯಮದ ಪ್ರಕಾರ ರೆಫ್ರಿ ಬಾಲ್ ಕೊಟ್ಟ ಮೇಲೆ ನಿಮಗಿರುವುದು 5 ಸೆಕೆಂಡ್. ಎನ್‌ಬಿಎಯಲ್ಲಿ 10. ಟಿವಿಯಲ್ಲಿ ನೋಡಿದ ಅಮೆರಿಕದ ಆಟಗಾರನ ರೂಟೀನನ್ನು ಹಾಗೇ ಎತ್ತಿಕೊಂಡು ಬಂದರೆ ನಮ್ಮ ಟೂರ್ನಮೆಂಟಿನಲ್ಲಿ ವಯಲೇಶನ್, ಅಂದರೆ ನಿಯಮಭಂಗ. ಅಲ್ಲೂ ಅದು ತೊಂದರೆ ಕೊಟ್ಟಿದೆ. 2021ರ ಪ್ಲೇಆಫ್‌ನಲ್ಲಿ ಮಿಲ್ವಾಕಿ ತಂಡದ ಯಾನಿಸ್ ಆಂಟೆಟೊಕೂಂಪೊ ಲೈನಿನಲ್ಲಿ ತೆಗೆದುಕೊಳ್ಳುತ್ತಿದ್ದ ಹೊತ್ತು ಎಷ್ಟಿತ್ತೆಂದರೆ ಎದುರಾಳಿ ಊರಿನ ಪ್ರೇಕ್ಷಕರು ಗಟ್ಟಿಯಾಗಿ ಒಂದು, ಎರಡು, ಮೂರು ಎಂದು ಎಣಿಸಲು ಶುರುಮಾಡಿದರು, ವಯಲೇಶನ್ನೂ ಕೊಡಲಾಯಿತು. ಅದೇ ಮನುಷ್ಯ ಫೈನಲ್ಸ್‌ನ ಆರನೇ ಪಂದ್ಯದಲ್ಲಿ, ತನ್ನೂರಿನ ಪ್ರೇಕ್ಷಕರೆದುರು, 19ರಲ್ಲಿ 17 ಹಾಕಿ, ಒಟ್ಟು 50 ಪಾಯಿಂಟ್ ಗಳಿಸಿ ಕಪ್ ಗೆದ್ದ. ಆದರೂ ನಾವು ಕಲಿಯಬೇಕಾದ ಪಾಠ ಇಷ್ಟು: ಉದ್ದದ ರೂಟೀನ್ ಎದುರಾಳಿಯ ಕೈಗೆ ಸಿಗುತ್ತದೆ.

ಹಾಗಾಗಿ ನಿಧಾನದ ಕೆಲಸಗಳೆಲ್ಲ ಬಾಲ್ ಬರುವ ಮುಂಚೆ. ಆಗ ಆ ಐದರ ಗಡಿಯಾರ ಓಡುತ್ತಿರುವುದಿಲ್ಲ.

*ಬಾಲ್ ಬರುವ ಮುಂಚೆ:* ಫೌಲ್ ಆದ ಜಾಗದಿಂದ ಲೈನಿಗೆ ನಡೆದು ಬನ್ನಿ, ಓಡಬೇಡಿ. ಲೈನಿನಿಂದ ಒಂದು ಹೆಜ್ಜೆ ಹಿಂದೆ ನಿಲ್ಲಿ. ಕೈ ಒರೆಸಿಕೊಳ್ಳಿ, ಭುಜ ಕೆಳಗೆ ಬಿಡಿ. ಮೂಗಿನಿಂದ ಉಸಿರು ತೆಗೆದುಕೊಂಡು, ತೆಗೆದುಕೊಂಡದ್ದಕ್ಕಿಂತ ನಿಧಾನವಾಗಿ ಬಾಯಿಂದ ಬಿಡಿ. ಒಂದು ಸಲ ಶಾಟನ್ನು ಮನಸ್ಸಿನಲ್ಲೋ, ಬರಿಗೈಯಲ್ಲೋ ಮಾಡಿ. ಎನ್‌ಬಿಎ ಆಟಗಾರ ಸ್ಟೀವ್ ನ್ಯಾಶ್ ಬಾಲ್ ಬರುವ ಮುಂಚೆ ಖಾಲಿ ಕೈಯಲ್ಲೇ ಶಾಟ್ ಹೊಡೆದು ನೋಡುತ್ತಿದ್ದ. ಇಡೀ ವೃತ್ತಿಯ ಲೆಕ್ಕದಲ್ಲಿ ಅವನ ಫ್ರೀ ಥ್ರೋ ಸರಾಸರಿ ಶೇಕಡಾ 90ರ ಮೇಲಿತ್ತು. ಬಾಲ್ ಕೈಗೆ ಬಂದ ಮೇಲೆ ಮಾತ್ರ ಹುಸಿ ಶಾಟ್ ಮಾಡುವ ಹಾಗಿಲ್ಲ, ಅದು ವಯಲೇಶನ್.

*ಬಾಲ್ ಬಂದ ಮೇಲೆ:* ಲೈನಿಗೆ ಹೆಜ್ಜೆ, ಪಾದ ಅದೇ ಜಾಗದಲ್ಲಿ. ಮರದ ಕೋರ್ಟಿನಲ್ಲಿ ಲೈನಿನ ನಡುವೆ ಮೊಳೆಯ ಗುರುತು ಸಿಗಬಹುದು. ನಮ್ಮ ಸಿಮೆಂಟ್ ಕೋರ್ಟುಗಳಲ್ಲಿ ಬಣ್ಣವೇ ಅರ್ಧ ಎದ್ದಿರುತ್ತದೆ, ಆದ್ದರಿಂದ ರಿಂಗಿನ ನಡುವಿಗೆ ಬಲಗಾಲು ನೇರ ಮಾಡಿಕೊಳ್ಳುವುದೇ ವಾಸಿ. ಎಡಗೈಯವರಾದರೆ ಎಡಗಾಲು. ಆಮೇಲೆ ಗೊತ್ತುಮಾಡಿದಷ್ಟು ಡ್ರಿಬಲ್, ಎರಡೋ ಮೂರೋ. ಬೆರಳು ಬಾಲಿನ ಸೀಮ್ (ಗೆರೆ) ಮೇಲೆ. ಕಣ್ಣು ರಿಂಗಿಗೆ. ಒಂದು ಪದ. ಶಾಟ್.

ಇಷ್ಟೇ. ಇದಕ್ಕಿಂತ ಹೆಚ್ಚಿನದನ್ನು ತುರುಕಿದರೆ ಒತ್ತಡದಲ್ಲಿ ಮರೆಯುತ್ತದೆ. ಡ್ರಿಬಲ್ ಎಷ್ಟೆಂದು ಕೇಳುವವರಿಗೆ ನನ್ನ ಉತ್ತರ: ನಿಮ್ಮ ವೀಡಿಯೊದಲ್ಲಿ ತಾನಾಗಿ ಎಷ್ಟು ಬರುತ್ತದೋ ಅಷ್ಟು.

ಹಂತ 4: ಕಣ್ಣು

ಇಡೀ ರೂಟೀನಿನಲ್ಲಿ ಒಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಬಿಡು ಎಂದರೆ ನಾನು ಕಣ್ಣನ್ನು ಉಳಿಸಿಕೊಳ್ಳುತ್ತೇನೆ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಜೋನ್ ವಿಕರ್ಸ್ 1996ರಲ್ಲಿ ಫ್ರೀ ಥ್ರೋ ಹೊಡೆಯುವವರ ನೋಟ ಎಲ್ಲೆಲ್ಲಿ ಹೋಗುತ್ತದೆಂದು ಉಪಕರಣ ಹಾಕಿ ಅಳೆದರು. ನಿಪುಣರ ಕಣ್ಣು ಶಾಟ್ ಶುರುವಾಗುವ ಮುಂಚೆಯೇ ರಿಂಗಿನ ಒಂದು ಜಾಗದಲ್ಲಿ ಕೂತು, ಹತ್ತಿರ ಹತ್ತಿರ ಒಂದು ಸೆಕೆಂಡ್ ಅಲುಗದೆ ಇರುತ್ತಿತ್ತು. ಅಷ್ಟು ನಿಪುಣರಲ್ಲದವರ ಕಣ್ಣು ರಿಂಗು, ಬೋರ್ಡು, ಮತ್ತೆ ರಿಂಗು ಎಂದು ಹಾರಾಡುತ್ತಿತ್ತು. ಈ ಸ್ಥಿರ ನೋಟಕ್ಕೆ ಅವರು ಕ್ವೈಟ್ ಐ ಎಂದು ಹೆಸರಿಟ್ಟರು. ಮುಂದೆ ಬೇರೆ ಬೇರೆ ಆಟಗಳಲ್ಲೂ ಇದು ಕಂಡಿತು.

ಮಾಡುವ ಬಗೆ: ರಿಂಗಿನಲ್ಲಿ ಒಂದು ಬಿಂದು ಆರಿಸಿಕೊಳ್ಳಿ. ಮುಂದಿನ ಅಂಚಿನ ನಡುವೋ, ಹಿಂದಿನ ಅಂಚಿನ ನಡುವೋ, ಎರಡೂ ನಡೆಯುತ್ತದೆ. ಇವತ್ತು ಇದು ನಾಳೆ ಅದು ಮಾತ್ರ ನಡೆಯದು. ಕೊನೆಯ ಡ್ರಿಬಲ್ ಮುಗಿದು ಬಾಲ್ ಕೈಯಲ್ಲಿ ನಿಂತಾಗ ಕಣ್ಣನ್ನು ಆ ಬಿಂದುವಿಗೆ ಕಳಿಸಿ, ಮೂರಕ್ಷರದ ಪದವೊಂದನ್ನು ಮನಸ್ಸಿನಲ್ಲಿ ನಿಧಾನವಾಗಿ ಹೇಳುವಷ್ಟು ಹೊತ್ತು ಅಲ್ಲೇ ಇಡಿ, ಆಮೇಲೆ ಕೈ ಎತ್ತಿ. ಬಾಲ್ ಮುಖದ ಮುಂದೆ ಹಾದು ಹೋಗುವಾಗ ರಿಂಗ್ ಮರೆಯಾದರೆ ಚಿಂತೆ ಬೇಡ, ಕಣ್ಣಿನ ಕೆಲಸ ಅಷ್ಟರಲ್ಲಿ ಆಗಿರುತ್ತದೆ.

ನೆಟ್ ಇಲ್ಲದ ರಿಂಗುಗಳಲ್ಲಿ ಕಲಿಯುವ ಹುಡುಗರಿಗೆ ಇದು ಸ್ವಲ್ಪ ಕಷ್ಟ, ಯಾಕೆಂದರೆ ನೆಟ್ ಕಟ್ಟುವ ಕೊಕ್ಕೆಗಳೇ ಒಳ್ಳೆಯ ಗುರುತು. ನೆಟ್ ಹರಿದಿದ್ದರೂ ಕೊಕ್ಕೆ ಉಳಿದಿರುತ್ತದೆ, ಅದನ್ನು ನೋಡಲು ಹೇಳಿ. ಒಬ್ಬ ಹುಡುಗಿ "ಸರ್, ಮುಂದಿನ ಮಧ್ಯದ ಕೊಕ್ಕೆಗೆ ತುಕ್ಕು ಹಿಡಿದಿದೆ" ಅಂದಳು. ಅಷ್ಟು ಸೂಕ್ಷ್ಮವಾಗಿ ನೋಡುತ್ತಿದ್ದಾಳೆಂದರೆ ಅವಳ ಕಣ್ಣಿಗೆ ಇನ್ನು ಪಾಠ ಬೇಕಿಲ್ಲ.

ಹಂತ 5: ಒಂದು ಪದ

ಪದ ಯಾಕೆಂದರೆ, ಕಣ್ಣಿಗೆ ರಿಂಗ್ ಕೊಟ್ಟೆವು, ಮಾತಾಡುವ ಮನಸ್ಸಿಗೂ ಏನಾದರೂ ಕೊಡಬೇಕು. "ಸಲೀಸು", "ಎತ್ತರ", "ತೇಲು", ಲಯ ಅಥವಾ ಬಾಲಿನ ದಾರಿಯನ್ನು ಸೂಚಿಸುವ ಯಾವ ಪದವಾದರೂ ಆದೀತು. ಮನೆಯಲ್ಲಿ ತುಳುವೋ ಉರ್ದುವೋ ಕೊಡವವೋ ಆಡುವವರು ಆ ಭಾಷೆಯ ಪದವನ್ನೇ ಇಟ್ಟುಕೊಳ್ಳಲಿ, ಬೇಗ ಬಾಯಿಗೆ ಬರುವುದು ಅದೇ. ಬೇಡವಾದದ್ದು ಎರಡು ಬಗೆ. "ಮಣಿಕಟ್ಟು", "ಮೊಣಕೈ" ಥರದವು ಗಮನವನ್ನು ಮತ್ತೆ ಮೈಯೊಳಗೆ ಎಳೆಯುತ್ತವೆ. "ಮಿಸ್ ಆಗಬಾರದು" ಎಂಬುದು ಮಿಸ್ ಆಗುವುದನ್ನೇ ಕಣ್ಮುಂದೆ ತರುತ್ತದೆ.

ಪದವೇ ಆಗಬೇಕೆಂದಿಲ್ಲ. ಎನ್‌ಬಿಎಯ ಡಲ್ಲಾಸ್ ತಂಡದ ಡರ್ಕ್ ನೋವಿಟ್ಸ್ಕಿ ಲೈನಿನಲ್ಲಿ ನಿಂತು ಹಾಡು ಗುನುಗಿಕೊಳ್ಳುತ್ತಿದ್ದದ್ದು ಪ್ರಸಿದ್ಧ. 2011ರಲ್ಲಿ ಓಕ್ಲಹೋಮ ಸಿಟಿ ವಿರುದ್ಧದ ಒಂದು ಪ್ಲೇಆಫ್ ಪಂದ್ಯದಲ್ಲಿ ಅವನು 24ಕ್ಕೆ 24 ಫ್ರೀ ಥ್ರೋ ಹಾಕಿದ. ಹಾಡಿಗೆ ಅದರ ಪೂರ್ತಿ ಶ್ರೇಯ ಕೊಡಲಾಗದು, ಆದರೆ ಹಾಡುತ್ತಿರುವ ತಲೆಯಲ್ಲಿ ಚಿಂತೆಗೆ ಜಾಗ ಕಡಿಮೆ.

ಇಲ್ಲೇ ತಾಯಿತ, ಲಕ್ಕಿ ಸಾಕ್ಸ್ ವಿಷಯವೂ ಹೇಳಿಬಿಡುತ್ತೇನೆ. ಸಾಕ್ಸ್ ಒಗೆಯಲು ಹೋಗಿದ್ದರೆ ಆಟ ಕೆಡುತ್ತದೆ ಅನ್ನುವುದು ನಂಬಿಕೆ, ಅದರ ಕೀಲಿ ನಿಮ್ಮ ಕೈಯಲ್ಲಿಲ್ಲ. ರೂಟೀನಿನ ಪ್ರತಿ ಹಂತವೂ ನಿಮ್ಮ ಕೈಯಲ್ಲಿರುತ್ತದೆ, ಶಾಟಿಗೆ ಏನಾದರೊಂದು ಉಪಯೋಗವನ್ನೂ ಮಾಡುತ್ತದೆ. ಲೈನಿಗೆ ಬಂದು ಎದೆ ಮುಟ್ಟಿ ದೇವರ ಹೆಸರು ಹೇಳಿಕೊಳ್ಳುವವರನ್ನು ನಾನು ತಡೆಯುವುದಿಲ್ಲ. ಬಾಲ್ ಬರುವ ಮುಂಚೆ ಹೇಳಿಕೊಳ್ಳಿ ಅನ್ನುತ್ತೇನೆ, ಅಷ್ಟೇ.

ಹಂತ 6: ಗಟ್ಟಿ ಮಾಡುವುದು

ಹೆಚ್ಚಿನವರು ಎಡವುವುದು ಇಲ್ಲಿ. ಕಾಗದದ ಮೇಲೆ ರೂಟೀನ್ ಬರೆದು, ನಾಲ್ಕು ದಿನ ಮಾಡಿ, ಟೂರ್ನಮೆಂಟಿಗೆ ಹೋಗುತ್ತಾರೆ. ಹೊಸ ರೂಟೀನ್ ಎಂದರೆ ನೆನಪಿಟ್ಟುಕೊಳ್ಳಬೇಕಾದ ಇನ್ನೊಂದು ವಿಷಯ, ಒತ್ತಡ ಕಮ್ಮಿಯಾಗುವ ಬದಲು ಜಾಸ್ತಿಯೇ ಆಗುತ್ತದೆ. ಯೋಚಿಸದೆ ಬರುವ ತನಕ ಅದು ರೂಟೀನ್ ಅಲ್ಲ. ಡಿವಿಷನ್ ಮಟ್ಟದ ಆಟಕ್ಕೋ ದಸರಾ ಕ್ರೀಡಾಕೂಟಕ್ಕೋ ತಯಾರಾಗುತ್ತಿದ್ದರೆ ಕಡಿಮೆಯೆಂದರೆ ಆರೇಳು ವಾರ ಮುಂಚೆ ಶುರುಮಾಡಿ.

ಮೊದಲ ವಾರ ಶಾಟ್ ಬಿದ್ದದ್ದನ್ನು ಎಣಿಸಲೇಬೇಡಿ. ಕ್ರಮ ತಪ್ಪದೆ ಮಾಡಿದೆನೇ ಎಂಬುದನ್ನು ಮಾತ್ರ ಎಣಿಸಿ. ಪಕ್ಕದಲ್ಲೊಬ್ಬ ನಿಂತು ಟಿಕ್ ಹಾಕಲಿ: ಉಸಿರು, ಪಾದ, ಡ್ರಿಬಲ್, ಕಣ್ಣು. ಬಾಲ್ ಬಿತ್ತು ಆದರೆ ಉಸಿರು ಬಿಟ್ಟುಹೋಯಿತು ಎಂದರೆ ಟಿಕ್ ಇಲ್ಲ. ಬಾಲ್ ತಪ್ಪಿತು, ಕ್ರಮ ಪೂರ್ತಿ, ಟಿಕ್ ಉಂಟು. ಹುಡುಗರು ಮೊದಲು ನಗುತ್ತಾರೆ, ಆಮೇಲೆ ಅದರ ಮೇಲೇ ಪೈಪೋಟಿ ಶುರುವಾಗುತ್ತದೆ.

ಎರಡನೇ ವಾರದಿಂದ ಒಂದೇ ಕಡೆ ನಿಂತು ಹೊಡೆಯುವುದನ್ನು ನಿಲ್ಲಿಸಿ. ಮ್ಯಾಚಿನಲ್ಲಿ ಯಾರೂ ನಿಮಗೆ ಸಾಲಾಗಿ ಐವತ್ತು ಫ್ರೀ ಥ್ರೋ ಕೊಡುವುದಿಲ್ಲ. ಎರಡು ಹೊಡೆಯಿರಿ, ಕೋರ್ಟಿನ ಆ ತುದಿ ಮುಟ್ಟಿ ಬನ್ನಿ, ಇನ್ನೆರಡು. ಎದೆ ಡವಗುಟ್ಟುತ್ತಿರುವಾಗ ಉಸಿರು ನಿಧಾನ ಮಾಡುವುದೇ ಒಂದು ಕಲೆ, ಅದು ತಣ್ಣಗೆ ನಿಂತು ಬರುವುದಿಲ್ಲ. ಬಾಲನ್ನು ನೀವೇ ಎತ್ತಿಕೊಳ್ಳಬೇಡಿ. ಒಬ್ಬ ರೆಫ್ರಿಯ ಹಾಗೆ "ಎರಡು ಶಾಟ್" ಎಂದು ಬೆರಳು ತೋರಿಸಿ, ಬೌನ್ಸ್ ಪಾಸ್ ಕೊಟ್ಟು, ಐದು ಎಣಿಸಲಿ.

ಮೂರನೇ ವಾರದ ನಂತರ ಒತ್ತಡ ತನ್ನಿ. ಪ್ರಾಕ್ಟೀಸಿನ ಕೊನೆಗೆ ಒಬ್ಬನನ್ನು ಲೈನಿಗೆ ಕರೆಯಿರಿ, ಎರಡೂ ಹಾಕಿದರೆ ಎಲ್ಲರಿಗೂ ಮನೆ, ಇಲ್ಲದಿದ್ದರೆ ತಂಡಕ್ಕೆ ಒಂದು ಸುತ್ತು ಓಟ. ಸೀನಿಯರ್‌ಗಳು ಬೇಸ್‌ಲೈನಿನ ಹಿಂದೆ ನಿಂತು ಕೂಗಲಿ. ಪಕ್ಕದ ಕಾಲೇಜಿನವರನ್ನು ಕರೆಸಿ ನೋಡಲು ಕೂರಿಸಿ. ಒಂದು ಎಚ್ಚರಿಕೆ: ಇದು ಅಭ್ಯಾಸ, ಅವಮಾನ ಅಲ್ಲ. ಯಾರು ಹೆದರುತ್ತಾರೋ ಅವರನ್ನೇ ಆರಿಸಿ ಹಂಗಿಸುವುದು ನಮ್ಮ ಮೈದಾನಗಳ ಹಳೇ ರೋಗ, ಅದರಿಂದ ಒಬ್ಬನೂ ಸುಧಾರಿಸಿದ್ದನ್ನು ನಾನು ಕಂಡಿಲ್ಲ.

ಕ್ರಿಸ್ಟೋಫರ್ ಮೆಸಾನ್ಯೊ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಸರಿಯಾಗಿ ಇಂಥವರ ಮೇಲೆಯೇ, ಒತ್ತಡದಲ್ಲಿ ಕುಸಿಯುವ ಸ್ವಭಾವದ ಟೆನ್‌ಪಿನ್ ಬೌಲಿಂಗ್ (ಚೆಂಡು ಉರುಳಿಸಿ ಹತ್ತು ಪಿನ್ ಕೆಡಹುವ ಆಟ) ಆಟಗಾರರ ಮೇಲೆ. ಅವರಿಗೆ ರೂಟೀನ್ ಕಲಿಸಿದ ಮೇಲೆ ಒತ್ತಡದಲ್ಲೂ ಗುರಿ ಸುಧಾರಿಸಿತು. ಕುಸಿಯುವವನು ಹಣೆಬರಹದಿಂದ ಹಾಗಿರುವುದಿಲ್ಲ.

ಹಂತ 7: ರೂಟೀನ್ ಮುರಿದಾಗ

ಮುರಿದೇ ಮುರಿಯುತ್ತದೆ. ಎದುರಾಳಿ ಕೋಚ್ ಟೈಮ್‌ಔಟ್ ಕರೆಯುತ್ತಾನೆ, ರೆಫ್ರಿ ನೆಲ ಒರೆಸಲು ನಿಲ್ಲಿಸುತ್ತಾನೆ, ಡ್ರಿಬಲ್ ಮಾಡುವಾಗ ಬಾಲ್ ಕಾಲಿಗೆ ತಾಗುತ್ತದೆ. ನಿಯಮ ಒಂದೇ: ಬಾಲ್ ವಾಪಸ್ ರೆಫ್ರಿಯ ಕೈಗೆ ಹೋಯಿತೆಂದರೆ ಒಂದು ಹೆಜ್ಜೆ ಹಿಂದೆ ಸರಿದು ಮೊದಲಿನಿಂದ ಶುರು. ಅರ್ಧದಿಂದ ಮುಂದುವರಿಸಬೇಡಿ. ಬಾಲ್ ನಿಮ್ಮ ಕೈಯಲ್ಲೇ ಇದ್ದು ಸಮಯ ಮುಗಿಯುತ್ತಿದ್ದರೆ ಚಿಕ್ಕ ರೂಟೀನ್: ಕಣ್ಣು, ಪದ, ಶಾಟ್. ಈ ಚಿಕ್ಕದನ್ನೂ ಬೇರೆಯಾಗಿ ಅಭ್ಯಾಸ ಮಾಡಿ.

ಒಂದೇ ಒಂದು ಹಂತ ಬಿಟ್ಟರೆ ಏನಾದೀತು ಅನ್ನುವವರಿಗೆ ಅಮೆರಿಕದ ರೈಫಲ್ ಶೂಟರ್ ಮ್ಯಾಥ್ಯೂ ಎಮನ್ಸ್ ಕತೆ ಹೇಳಬೇಕು. 2004ರ ಅಥೆನ್ಸ್ ಒಲಿಂಪಿಕ್ಸ್, 50 ಮೀಟರ್ ಮೂರು ಭಂಗಿಗಳ ಸ್ಪರ್ಧೆ, ಕೊನೆಯ ಗುಂಡು, ಚಿನ್ನ ಹೆಚ್ಚುಕಡಿಮೆ ಕೈಯಲ್ಲಿತ್ತು. ಗುರಿಯ ಮೇಲಿನ ನಂಬರ್ ನೋಡಿ ಆಮೇಲೆ ರೈಫಲನ್ನು ಗುರಿಗೆ ಇಳಿಸುವುದು ಅವನ ಮಾಮೂಲು. ಆ ಗುಂಡಿಗೆ ಮಾತ್ರ ತನ್ನನ್ನು ಶಾಂತ ಮಾಡಿಕೊಳ್ಳುವುದರಲ್ಲೇ ಮುಳುಗಿ ನಂಬರ್ ನೋಡಲಿಲ್ಲ. ಗುಂಡು ಹೋಗಿ ನಾಟಿದ್ದು ಪಕ್ಕದವನ ಗುರಿಗೆ. ಅಂಕ ಸೊನ್ನೆ, ಪದಕ ಇಲ್ಲ.

ಇನ್ನೊಂದು ಬದಿಯ ಉದಾಹರಣೆ ನಮ್ಮದೇ. 2008ರ ಆಗಸ್ಟ್ 11, ಬೀಜಿಂಗ್, 10 ಮೀಟರ್ ಏರ್ ರೈಫಲ್ ಫೈನಲ್. ಕೊನೆಯ ಗುಂಡಿಗೆ ಮುಂಚೆ ಅಭಿನವ್ ಬಿಂದ್ರಾ ಮತ್ತು ಫಿನ್ಲೆಂಡಿನ ಹೆನ್ರಿ ಹಕ್ಕಿನೆನ್ ಸಮ. ಹಕ್ಕಿನೆನ್ 9.7 ಹೊಡೆದ, ಬಿಂದ್ರಾ 10.8 ಹೊಡೆದು ಚಿನ್ನ ಗೆದ್ದ. ಆ ಗುರಿಯ ಹತ್ತರ ಚುಕ್ಕಿ ಅರ್ಧ ಮಿಲಿಮೀಟರ್.

ಹಂತ 8: ಬಾಲ್ ಕೈಬಿಟ್ಟ ಮೇಲೆ

ಮೊದಲ ಶಾಟ್ ತಪ್ಪಿದಾಗ ತಲೆ ಕಾರಣ ಹುಡುಕಲು ಹೊರಡುತ್ತದೆ. ಅಲ್ಲೇ ತಡೆಯಿರಿ. ಒಂದು ಪ್ರಶ್ನೆ ಸಾಕು: ಕ್ರಮ ಪೂರ್ತಿ ಆಯಿತೇ? ಆಗಿದ್ದರೆ ಹಾಗೇ ಮತ್ತೊಂದು ಸಲ. ಆಗಿರದಿದ್ದರೆ ಬಿಟ್ಟದ್ದನ್ನು ಸೇರಿಸಿ. ಶಾಟ್ ರಿಪೇರಿ ನಾಳೆ ಬೆಳಗಿನ ಪ್ರಾಕ್ಟೀಸಿನಲ್ಲಿ. ಇದನ್ನು ಕೋಚ್‌ಗಳಿಗೆ ಹೇಳುವುದು ಆಟಗಾರರಿಗೆ ಹೇಳುವುದಕ್ಕಿಂತ ಕಷ್ಟ. ಎರಡು ಶಾಟುಗಳ ಮಧ್ಯೆ ಸೈಡ್‌ಲೈನಿನಿಂದ "ಲೇ, ಮೊಣಕೈ! ಮೊಣಕಾಲು ಬಗ್ಸು!" ಎಂದು ಕೂಗುವವರು ತಾವೇ ಆರು ವಾರ ಕಟ್ಟಿದ್ದನ್ನು ಆರು ಕ್ಷಣದಲ್ಲಿ ಕೆಡವುತ್ತಾರೆ. ಕೂಗಲೇಬೇಕೆಂದಿದ್ದರೆ ಆಟಗಾರನ ಪದವನ್ನೇ ಕೂಗಿ.

ಬೇಕಿದ್ದರೆ ಸೇರಿಸಿಕೊಳ್ಳಿ: ಎಡಗೈ ಮುಷ್ಟಿ

ಜರ್ಮನಿಯ ಯುರ್ಗೆನ್ ಬೆಕ್‌ಮನ್ ಮತ್ತು ಸಂಗಡಿಗರು 2013ರಲ್ಲಿ ಒಂದು ವಿಚಿತ್ರ ಉಪಾಯ ಪರೀಕ್ಷಿಸಿದರು. ಬಲಗೈ ಆಟಗಾರರು ಒತ್ತಡದ ಪ್ರಯತ್ನಕ್ಕೆ ಮುಂಚೆ ಎಡಗೈಯಲ್ಲಿ ಮೆತ್ತನೆ ಬಾಲೊಂದನ್ನು ಹಿಸುಕುವುದು. ಫುಟ್‌ಬಾಲ್ ಪೆನಾಲ್ಟಿ, ಟೇಕ್ವಾಂಡೊ ಕಿಕ್, ಬ್ಯಾಡ್ಮಿಂಟನ್ ಸರ್ವಿಸ್, ಮೂರರಲ್ಲೂ ಹಿಸುಕಿದವರ ಆಟ ಒತ್ತಡದಲ್ಲಿ ಕುಸಿಯಲಿಲ್ಲ. ಎಡಗೈ ಕೆಲಸ ಮಾಡಿದಾಗ ಬಲ ಮೆದುಳು ಚುರುಕಾಗಿ, ಮಾತಾಡುವ ಎಡ ಮೆದುಳಿನ ಕಾಟ ತಗ್ಗುತ್ತದೆ ಎಂಬುದು ಅವರ ವಿವರಣೆ. ಖರ್ಚಿಲ್ಲದ್ದು, ಲೈನಿನ ಹಿಂದೆ ನಿಂತಾಗ ಬರಿ ಮುಷ್ಟಿಯನ್ನೇ ಬಿಗಿದು ಬಿಟ್ಟು ನೋಡಬಹುದು. ಮೂಲ ಕ್ರಮ ಕೂತ ಮೇಲೆ ಮಾತ್ರ.

ಬೇರೆ ಆಟಗಳಿಗೆ

ವಾಲಿಬಾಲ್ ಸರ್ವಿಸಿಗೆ ಇದು ಸರಿಯಾಗಿ ಕೂರುತ್ತದೆ. ವಿಸಲ್ ಆದ ಮೇಲೆ 8 ಸೆಕೆಂಡ್ ಸಿಗುತ್ತದೆ, ಆದ್ದರಿಂದ ಉಸಿರು ಮತ್ತು ಎಲ್ಲಿಗೆ ಹಾಕಬೇಕೆಂಬ ತೀರ್ಮಾನ ವಿಸಲ್‌ಗೆ ಮುಂಚೆ, ಬಾಲ್ ತಿರುಗಿಸಿ ಹಿಡಿಯುವುದು, ಕಣ್ಣು, ಟಾಸ್ ಆಮೇಲೆ. ಟೆನಿಸ್‌ನಲ್ಲಿ ಎರಡು ಪಾಯಿಂಟ್ ನಡುವೆ 25 ಸೆಕೆಂಡ್, ಧಾರಾಳ. ಕೇರಂನಲ್ಲಿ ಸ್ಟ್ರೈಕರ್ ಇಟ್ಟ ಮೇಲೆ ಕಣ್ಣು ಸ್ಟ್ರೈಕರಿನಿಂದ ಕಾಯಿಗೆ ಹೋಗಿ ಅಲ್ಲೇ ನಿಲ್ಲಬೇಕು, ಬೆರಳಿಗೆ ವಾಪಸ್ ಬರಬಾರದು. ಕಬಡ್ಡಿ ರೈಡಿಗೆ ಇದನ್ನು ಹಾಗೇ ಹೊಂದಿಸಲು ಹೋಗಬೇಡಿ. ಅಲ್ಲಿ ಎದುರಿನವರು ಏನು ಮಾಡುತ್ತಾರೋ ಅದರ ಮೇಲೆ ನಿಮ್ಮ ಆಟ ನಿಂತಿದೆ, ಗೆರೆ ದಾಟುವ ತನಕದ ಉಸಿರು ಮತ್ತು ನೋಟಕ್ಕೆ ಮಾತ್ರ ಉಪಯೋಗ. ಯಾವ ಆಟವಾದರೂ ಸೀಸನ್ ನಡುವೆ ರೂಟೀನ್ ಬದಲಿಸಬೇಡಿ. ತಿದ್ದುವುದಿದ್ದರೆ ಕೊನೆಯ ಮ್ಯಾಚ್ ಮುಗಿದ ಮೇಲೆ ನೋಟ್‌ಬುಕ್ ತೆಗೆದು, ಪ್ರಾಕ್ಟೀಸಿನ ಮತ್ತು ಮ್ಯಾಚಿನ ಎರಡು ಅಂಕಿಗಳ ನಡುವಿನ ಅಂತರ ಎಷ್ಟು ಕಿರಿದಾಗಿದೆ ಎಂದು ನೋಡಿ ತಿದ್ದಿ.